ಕಾಗದದಲ್ಲಿ ಮುಗಿದ ಸೇತುವೆ

೫ ಆಗಸ್ಟ್ ೧೯೬೨, ಹೊನ್ನಾವರ

ಸಂತಾಪಸೂಚಕ ಸಭೆಯಲ್ಲಿ ಇಂದು ನಾನು ಆಡಿದ ಮಾತು ನಾಳೆ ಊರಿನಲ್ಲಿ ಹತ್ತು ಬಗೆಯಾಗಿ ಹಬ್ಬುವುದು ಖಂಡಿತ. ಆದ್ದರಿಂದ ಆಡಿದ್ದನ್ನು ಆಡಿದಂತೆಯೇ ಇಲ್ಲಿ ಬರೆದಿಡುತ್ತೇನೆ.

"ಮಳೆಯನ್ನು ಲೆಕ್ಕಿಸದೆ ನೆರೆದಿರುವ ತಮಗೆಲ್ಲ ನಾನು ಕೃತಜ್ಞ. ನನ್ನ ಮಗ ಕಮಲಾಕರನ ಗುಣಗಳನ್ನು ನೆನೆದಿರಿ, ಅದಕ್ಕೂ ವಂದನೆ. ಆದರೆ ತಾವು ತಂದಿರುವ ಅನುಕಂಪವನ್ನು ನಾನು ಸ್ವೀಕರಿಸಲಾರೆ. ವಿಧಿಯಿಂದ ನೊಂದವನಿಗೆ ಅನುಕಂಪ ಸಲ್ಲುತ್ತದೆ. ನಾನು ವಿಧಿಯಿಂದ ನೊಂದವನಲ್ಲ. ಇಪ್ಪತ್ತೆರಡು ವರ್ಷದ ಶಾಲಾ ಮಾಸ್ತರನೊಬ್ಬ ಕೋಡಿಬೈಲಿನ ಹಳ್ಳ ದಾಟುವಾಗ ಕೊಚ್ಚಿಹೋದದ್ದು, ಅಲ್ಲಿ ಇರಬೇಕಾಗಿದ್ದ ಕಾಲುಸೇತುವೆ ಇಲ್ಲದ್ದರಿಂದ. ಆ ಸೇತುವೆಗೆ ಹಣ ತೆತ್ತವರು ತಾವು. ಆ ಹಣವನ್ನು ಖರ್ಚು ಮಾಡಿದವರು ಈ ವೇದಿಕೆಯ ಮೇಲೆ ಕುಳಿತಿದ್ದಾರೆ. ನನಗೆ ಬೇಕಾದದ್ದು ಕಣ್ಣೀರಲ್ಲ, ಉತ್ತರ."

ಉತ್ತರಕ್ಕೆ ಬದಲಾಗಿ ಘೋಷಣೆ ಬಂತು. ತಾಲೂಕು ಬೋರ್ಡಿನ ಅಧ್ಯಕ್ಷ ಕೃಷ್ಣಾನಂದ ಎದ್ದು, ಪೇಟೆಯ ಬಸ್ಸು ನಿಲ್ಲುವಲ್ಲಿ ನನ್ನ ಮಗನ ಹೆಸರಿನ ತಂಗುದಾಣವೊಂದನ್ನು ಅಮೃತಶಿಲೆಯ ಫಲಕದೊಡನೆ ಕಟ್ಟಿಸಲಾಗುವುದು ಎಂದ. ಧಾರವಾಡದ ಕಾಲೇಜಿನ ಚರ್ಚಾಕೂಟಗಳಲ್ಲಿ ನಾಲ್ಕು ವರ್ಷ ನನ್ನ ಎದುರುಪಕ್ಷದಲ್ಲಿ ನಿಂತವನು ಈತ. ಅಂದಿನಂತೆಯೇ ಇಂದೂ ವಿಷಯ ಬಿಟ್ಟು ಮಾತನಾಡಿದ. ನಾನು ಮತ್ತೆ ಎದ್ದೆ: "ಜನರ ದುಡ್ಡಿನಿಂದ ಅವನನ್ನು ಒಮ್ಮೆ ಕೊಂದದ್ದು ಸಾಕು. ಅದೇ ದುಡ್ಡಿನಿಂದ ಅವನ ಹೆಸರು ಕೆತ್ತಿಸಬೇಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾತು ಸರಿಯಾಗಿ ನಾಟಿದೆ ಎಂಬುದಕ್ಕೆ ಅದೇ ಪ್ರಮಾಣ.

ಮನೆಯವಳು ಸಭೆಗೆ ಬಂದಿರಲಿಲ್ಲ. "ಎಂತ ಹೇಳಿದ್ರಿ?" ಎಂದು ಕೇಳಿದಳು. ಪೂರ್ತಿ ಹೇಳಿದೆ.

"ಅವನ ಹೆಸರು ಎಷ್ಟು ಸಲ ಹೇಳಿದ್ರಿ?"

"ಒಮ್ಮೆ."

"ಒಂದೇ ಸಲವಾ," ಎಂದು ಒಳಗೆ ಹೋದಳು. ವಾದದ ರಚನೆ ಅವಳಿಗೆ ತಿಳಿಯದು.

೧೯ ಆಗಸ್ಟ್

ಕೋಡಿಬೈಲಿಗೆ ಹೋಗಿ ಸ್ಥಳ ನೋಡಿಬಂದೆ. ಹಳ್ಳ ಅಗಲವಾದುದಲ್ಲ, ಆದರೆ ಭರತಿಯ ವೇಳೆ ಸಮುದ್ರದ ನೀರು ಕೆಳಗಿನಿಂದ ಏರುತ್ತದೆ, ಮಳೆಯ ನೀರು ಗುಡ್ಡದಿಂದ ಇಳಿಯುತ್ತದೆ, ಎರಡೂ ಅಲ್ಲಿ ತಿರುಗುತ್ತವೆ. ಆಚೆ ದಡದಲ್ಲಿ ಶಾಲೆ, ಈಚೆ ದಡದಲ್ಲಿ ಕೇರಿ. ನಡುವೆ ಕಾಂಕ್ರೀಟಿನ ಮೂರು ಕಂಬಗಳು. ಅವುಗಳ ಮೇಲೆ ಏನೂ ಇಲ್ಲ, ಕಾಗೆ ಕೂತಿತ್ತು. ಕಳೆದ ಚುನಾವಣೆಗೆ ಮೊದಲು ಅವಸರದಿಂದ ಎದ್ದ ಕಂಬಗಳು, ಚುನಾವಣೆ ಮುಗಿದ ಮೇಲೆ ಬೆಳೆಯುವುದನ್ನು ನಿಲ್ಲಿಸಿವೆ.

ದೋಣಿಯ ಜಟ್ಟ ಎಂಬವನು ವಿವರ ಹೇಳಿದ. ಪ್ರತಿವರ್ಷ ಮೃಗಶಿರ ಮಳೆಗೆ ಮೊದಲು ಮನೆಗೊಂದು ಅಡಕೆ ಮರ, ಮನೆಗೊಂದು ಸುತ್ತು ಕತ್ತದ ಹಗ್ಗ ತಂದು ಊರವರೇ ಅಲ್ಲಿ ಸಂಕ, ಅಂದರೆ ಮರದ ಕಿರುಸೇತುವೆ, ಕಟ್ಟುತ್ತಿದ್ದರಂತೆ. ಗಟ್ಟಿ ನೆಲವಿರುವುದು ಅದೊಂದೇ ಜಾಗದಲ್ಲಿ. ಉಳಿದೆಡೆಯೆಲ್ಲ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರು. ಅಜ್ಜಂದಿರ ಕಾಲದಿಂದ ತಪ್ಪದೆ ನಡೆದ ಈ ಕೆಲಸ ಈ ವರ್ಷ ಮಾತ್ರ ತಪ್ಪಿತು.

"ಯಾಕೆ ಕಟ್ಟಲಿಲ್ಲ?" ಎಂದೆ.

"ಸರ್ಕಾರ ಸೇತ್ವೆ ಕಟ್ತೇವೆ ಅಂದ್ಮೇಲೆ ನಾವು ಸಂಕ ಕಟ್ಟಿದ್ರೆ ಅವ್ರಿಗೆ ಅವಮಾನ ಮಾಡ್ದಂಗೆ ಆತದಲ್ಲಾ ಒಡೆಯಾ? ಊಟಕ್ಕೆ ಕರ್ದವ್ರ ಮನೆಗೆ ಬುತ್ತಿ ಕಟ್ಕಂಡು ಹೋಗೂಕೆ ಆತದಾ?"

"ಹಳೆಯ ಮರಗಳು?"

"ಗುತ್ತಿಗೆದಾರ್ರು ಕಂಬ ಎಬ್ಸುವಾಗ ಹತ್ತಿ ನಿಲ್ಲೂಕೆ ಸಾರ್ವೆಗೆ ಬೇಕು ಅಂದ್ರು. ಕೊಟ್ವಿ. ಸರ್ಕಾರದ ಕೆಲ್ಸಕ್ಕೆ ಇಲ್ಲ ಅನ್ನೂದು ಹೆಂಗೆ?"

ಈ ಜನರು ಭೂಮಿಯ ಕಂದಾಯದೊಡನೆ ಸೆಸ್ಸು ಕೊಟ್ಟರು. ಭೂಮಿ ಇಲ್ಲದ ಹೆಂಗಸರು ಸಂತೆಯಲ್ಲಿ ಮೀನಿನ ಬುಟ್ಟಿಗೆ ಸುಂಕ ಕೊಟ್ಟರು. ಅದಕ್ಕೆ ಪ್ರತಿಯಾಗಿ ಸರ್ಕಾರ ಅವರಿಗೆ ಸೇತುವೆ ಕೊಡಲಿಲ್ಲ. ಅಷ್ಟೇ ಆಗಿದ್ದರೆ ಸೊನ್ನೆಯಾಗುತ್ತಿತ್ತು. ಇದ್ದ ಸಂಕವನ್ನೂ ತೆಗೆದುಕೊಂಡಿತು. ಸೊನ್ನೆಗಿಂತ ಕೆಳಗೆ ಇಳಿಯಬಲ್ಲ ಆಡಳಿತವನ್ನು ನಾನು ಈವರೆಗೆ ಕಂಡಿರಲಿಲ್ಲ.

೩ ಸೆಪ್ಟೆಂಬರ್

ಕೃಷ್ಣಾನಂದ ಮನೆಗೇ ಬಂದಿದ್ದ. ಜಗಲಿಯಲ್ಲಿ ಕುಳಿತು, ಟೋಪಿ ತೆಗೆದು ಬೆವರು ಒರೆಸಿಕೊಂಡು, "ಮಾದೇವಾ, ಸಿಟ್ಟು ಸ್ವಲ್ಪನಾದ್ರೂ ಇಳೀತೇನೋ?" ಎಂದ.

"ಕಂಬಗಳ ಮೇಲೆ ಸೇತುವೆ ಯಾವಾಗ ಬರುತ್ತದೆ?"

"ತೊಡಕು ಇರೋದೇ ಅಲ್ಲಿ. ಆ ಕೆಲಸ ಮುಗಿದುಹೋಗಿದೆ."

"ಎಲ್ಲಿ?"

"ಕಾಗದದಲ್ಲಿ." ಅವನು ದನಿ ತಗ್ಗಿಸಿದ. "ಮಾರ್ಚ್ ಅಖೇರಿಯೊಳಗೆ ಖರ್ಚಾಗದ ಹಣ ಬೆಂಗಳೂರಿಗೆ ವಾಪಸ್ಸು ಹೋಗ್ತದೆ, ನಿಂಗೊತ್ತು. ಗುತ್ತಿಗೆದಾರ ಮಳೆಗೆ ಮೊದಲು ಮುಗಿಸ್ತೇನೆ ಅಂದ. ನಂಬಿ, ಮುಗಿದಿದೆ ಅಂತ ಬರೆದು ಹಣ ಕೊಟ್ಟೆವು. ಹಣವೂ ಹೋಯ್ತು, ಅವನೂ ಹೋದ. ಮುಗಿದ ಕೆಲಸಕ್ಕೆ ಇನ್ನೊಮ್ಮೆ ಹಣ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ?"

"ಹಾಗಾದರೆ ಕಾಗದದಲ್ಲಿ ನನ್ನ ಮಗ ಸೇತುವೆಯ ಮೇಲೆ ನಡೆದು ಕ್ಷೇಮವಾಗಿ ಶಾಲೆ ಸೇರಿದನೆ?"

ಅವನು ತಲೆ ತಗ್ಗಿಸಿದ. ಕಾಲೇಜಿನಲ್ಲಿ ಬೆಳ್ಳಿಯ ಕಪ್ಪು ಗೆದ್ದ ದಿನವೂ ಎದುರಾಳಿಯನ್ನು ನಾನು ಇಷ್ಟು ಪೂರ್ಣವಾಗಿ ಸೋಲಿಸಿರಲಿಲ್ಲ.

ಮನೆಯವಳು ಅವನಿಗೆ ಬೆಲ್ಲ ನೀರು ತಂದುಕೊಟ್ಟು, "ಮಗಳ ಬಾಳಂತನ ಆತಾ? ಕೂಸು ಚೊಲೋ ಇದ್ದಾ?" ಎಂದು ವಿಚಾರಿಸಿದಳು. ಅವನು ಹೋದ ಮೇಲೆ ಅವಳನ್ನು ಗದರಿದೆ. ಎದುರಾಳಿಯ ಮನೆಯ ಕುಶಲ ಕೇಳುವುದು ಅವನಿಗೆ ರಾಜಿಯ ದಾರಿ ತೋರಿಸಿದಂತೆ. "ಆ ಕೂಸಿಗೆ ಬೋರ್ಡು ಗೊತ್ತಿಲ್ಲೆ," ಎಂದಳು.

ಸಂಜೆ ಕಲೆಕ್ಟರರಿಗೆ ಅರ್ಜಿ ಬರೆದೆ. ಪ್ರಾರ್ಥನೆ ಎರಡು. ಒಂದು: ಈ ಕಾಮಗಾರಿಯ ಬಗ್ಗೆ ತನಿಖೆ ನಡೆಯಬೇಕು. ಎರಡು: ತನಿಖೆ ಮುಗಿಯುವವರೆಗೆ ಕಂಬಗಳನ್ನೂ ಅವುಗಳ ಸುತ್ತಣ ಜಾಗವನ್ನೂ ಯಾರೂ ಮುಟ್ಟಬಾರದು. ಎರಡನೆಯದು ಅತ್ಯಗತ್ಯ. ಇಲ್ಲದಿದ್ದರೆ ಅಡ್ಡ ಎರಡು ಹಲಗೆ ಇಟ್ಟು, ಇದೇ ಸೇತುವೆ ಎಂದು ಚಿತ್ರ ತೆಗೆಸಿಯಾರು.

೨ ಡಿಸೆಂಬರ್

ಗಡಿಯಲ್ಲಿ ಯುದ್ಧ ನಿಂತಿದೆ. ಮನೆಯವಳು ಎರಡು ಬಳೆಗಳನ್ನು ರಕ್ಷಣಾ ನಿಧಿಗೆ ಕೊಟ್ಟಳು, ನಾನು ತಡೆಯಲಿಲ್ಲ.

ಬೋರ್ಡಿನ ಕಚೇರಿಗೆ ಹೋದರೆ, "ಜವಾನರು ಹಿಮದಲ್ಲಿ ಸಾಯುವಾಗ ನಿಮ್ಮ ಹಳ್ಳದ ಮಾತು ತೆಗೆಯೋದೇ ವಕೀಲರೇ?" ಎಂದು ಹೆಡ್ ಕ್ಲಾರ್ಕು ನನಗೆ ದೇಶಭಕ್ತಿ ಬೋಧಿಸಿದ. ಅವನ ತಲೆಯ ಮೇಲೆ ಹೊಸ ವಿದ್ಯುತ್ ಪಂಖ ತಿರುಗುತ್ತಿತ್ತು, ಡಿಸೆಂಬರಿನಲ್ಲಿ. "ಆ ಜವಾನರು ದೇಶಕ್ಕಾಗಿ ಸತ್ತರು. ನನ್ನ ಮಗ ಯಾರಿಗಾಗಿ ಸತ್ತ, ಈ ಪಂಖಕ್ಕಾಗಿಯೆ?" ಎಂದು ಕೇಳಿ ಹೊರಬಂದೆ.

೨೨ ಜನವರಿ ೧೯೬೩

ಜಯ. ಕಲೆಕ್ಟರರ ಕೈಕೆಳಗಿನ ಅಧಿಕಾರಿ, ಕುಮಟೆಯ ಪ್ರಾಂತ ಸಾಹೇಬರಿಂದ ಆಜ್ಞೆ ಬಂದಿದೆ. ತನಿಖೆ ನಡೆಯುವುದು, ಅಲ್ಲಿಯವರೆಗೆ ಕಂಬಗಳ ಬಳಿ ಯಥಾಸ್ಥಿತಿ. ನನ್ನ ಅರ್ಜಿಯ ಎರಡನೆಯ ಪ್ರಾರ್ಥನೆಯನ್ನು ಒಂದಕ್ಷರ ಬದಲಿಸದೆ ಎತ್ತಿಕೊಂಡಿದ್ದಾರೆ. ಮನೆಯವಳಿಗೆ ಎರಡು ಸಲ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

೨೦ ಫೆಬ್ರವರಿ

ತನಿಖೆ ಮುಂದಕ್ಕೆ ಹೋಗಿದೆ.

೧೧ ಮಾರ್ಚ್

ಮತ್ತೆ ಮುಂದಕ್ಕೆ. ಸೇತುವೆ ಮುಗಿದಿದೆ ಎಂದು ಸಹಿ ಹಾಕಿದ ಓವರ್‌ಸಿಯರನಿಗೆ ವರ್ಗವಾಗಿದೆಯಂತೆ.

೩೧ ಮಾರ್ಚ್

ಈ ದಿನ ರಾಜ್ಯದ ಯಾವ ಕಚೇರಿಯಲ್ಲೂ ಹಣ ಉಳಿಯಬಾರದು, ಉಳಿದರೆ ಅಪರಾಧ. ಬಿಸಿಲಿನಲ್ಲಿ ಒಂದು ಸುತ್ತು ಹೋಗಿಬಂದೆ. ನಿನ್ನೆ ಡಾಂಬರು ಕಂಡ ರಸ್ತೆಯನ್ನು ಇಂದು ಕೊಳವೆಗಾಗಿ ಅಗೆಯುತ್ತಿದ್ದರು. ಮಾಡು ಕುಸಿದ ಶಾಲೆಯೊಂದರ ಅಂಗಳದಲ್ಲಿ ಹೊಸ ಬೆಂಚುಗಳನ್ನು ಇಳಿಸಿದ್ದರು. ಅವುಗಳ ಮೇಲೆ ಆಡುಗಳು ಮಲಗಿದ್ದವು. ಪಂಚಾಯತಿಗೊಂದು ರೇಡಿಯೋ ಹಂಚಿದ್ದಾರೆ. ಬ್ಯಾಟರಿ ಎಲ್ಲಿ ಎಂದರೆ, ಅದು ಮುಂದಿನ ವರ್ಷದ ಖರ್ಚಿನ ಬಾಬಿನಲ್ಲಿ ಬರುತ್ತದಂತೆ.

ಕಳ್ಳನು ಕದ್ದದ್ದನ್ನು ತನಗಾಗಿಯಾದರೂ ಬಳಸುತ್ತಾನೆ. ಇಲ್ಲಿ ಕದ್ದವರಿಗೂ ಎಲ್ಲ ದಕ್ಕುವುದಿಲ್ಲ, ಕಳೆದುಕೊಂಡವರಿಗಂತೂ ಏನೂ ಸಿಗುವುದಿಲ್ಲ. ಬಡವನ ಬುಟ್ಟಿಯಿಂದ ಎತ್ತಿದ ಕಾಸು ತಾರೀಕಿಗೆ ಹೆದರಿ ಓಡಿ ಹೋಗಿ ಗುಂಡಿಗೆ ಬೀಳುತ್ತದೆ. ಇದನ್ನು ಯೋಜನೆ ಎನ್ನುತ್ತಾರೆ.

೨೮ ಏಪ್ರಿಲ್

ಜಟ್ಟನೂ ಮೀನು ಮಾರುವ ಬೆಳ್ಳಿಯೂ ಕೋಡಿಬೈಲಿನಿಂದ ಬಂದಿದ್ದರು. ಜಗಲಿ ಏರಲು ಒಪ್ಪದೆ ಅಂಗಳದಲ್ಲೇ ನಿಂತರು.

"ಸಂಕ ಕಟ್ಟೂಕೆ ಗುಂಡಿ ತೋಡ್ತಿದ್ವಿ ಒಡೆಯಾ," ಎಂದ ಜಟ್ಟ. "ಪಟೇಲ್ರು ಬಂದು, ಮುಟ್ಟಬೇಡಿ, ವಕೀಲ್ರ ಆರ್ಡರು ಅಂದ್ರು."

"ಆಜ್ಞೆ ಸರ್ಕಾರದ್ದು. ನನ್ನದಲ್ಲ."

"ಬೇಕು ಅಂತ ಕೇಳ್ದವ್ರು ನೀವಲ್ದಾ?" ಎಂದಳು ಬೆಳ್ಳಿ.

ಕಂಬಗಳಿಗೆ ಮರ ಕಟ್ಟಿದರೆ ಸಾಕ್ಷ್ಯ ಹೇಗೆ ಕೆಡುತ್ತದೆ, ಬೋರ್ಡಿನವರು ಅದನ್ನೇ ಸೇತುವೆ ಎಂದು ಹೇಗೆ ತೋರಿಸುತ್ತಾರೆ ಎಂಬುದನ್ನು ಕ್ರಮವಾಗಿ ವಿವರಿಸಿದೆ. ಜಟ್ಟ ತಲೆಯಾಡಿಸಿದ. ಬೆಳ್ಳಿ ಆಡಿಸಲಿಲ್ಲ.

"ಇದೆಲ್ಲ ಯಾವಾಗ ಮುಗೀತದೆ?"

"ಹೇಳಲಾಗದು."

"ಮಳೆಗೆ ಕೇಳ್ಬೇಕಾ ಹಂಗಾದ್ರೆ, ಸ್ವಲ್ಪ ತಡ್ಕಾ ಅಂತ? ನಿಮ್ಮ ಮಗ ಹೋದ್ರು. ಇನ್ನು ನಮ್ಮ ಮಕ್ಕಳೂ ಹೋಗ್ಲಾ?"

"ಏ ಬೆಳ್ಳಿ, ಬಾಯಿ ಮುಚ್ಚು," ಎಂದ ಜಟ್ಟ.

"ಬಾಯಿ ಮುಚ್ಕಂಡೇ ಅಲ್ದಾ ಒಬ್ರು ಮಾಸ್ತರ್ರನ್ನ ಕಳ್ಕಂಡದ್ದು!"

ಆಜ್ಞೆಯನ್ನು ಸಡಿಲಿಸುವಂತೆ ಕೇಳಲಾರೆ ಎಂದು ಸ್ಪಷ್ಟವಾಗಿ ತಿಳಿಸಿದೆ. ತತ್ತ್ವವನ್ನು ಮಳೆಗಾಲಕ್ಕೆ ತಕ್ಕಂತೆ ಮಡಚಲಾಗದು. ಮನೆಯವಳು ಅವರನ್ನು ಹಿತ್ತಿಲ ಕಡೆ ಕರೆದು ಅವಲಕ್ಕಿ, ಮಜ್ಜಿಗೆ ಕೊಟ್ಟಳು. ಬಹಳ ಹೊತ್ತು ಮಾತಾಡುತ್ತಿದ್ದಳು. ಒಮ್ಮೆ ಅವಳು ನಕ್ಕದ್ದು ಕೇಳಿಸಿತು. ಈ ಮನೆಯಲ್ಲಿ ಆ ಸದ್ದು ಕೇಳಿ ಬಹಳ ಕಾಲವಾಗಿತ್ತು.

ಅವರು ಹೋದ ಮೇಲೆ ಬಂದು ಹೇಳಿದಳು: "ನಮ್ಮ ಕಮಲಾಕರ ದಿನಾ ಬೆಳ್ಳಿ ಬುಟ್ಟಿ ಹೊತ್ತು ಹಳ್ಳ ದಾಟಸ್ತಿದ್ನಡ. ಮಾಸ್ತರ್ರ ತಲೆ ಮೇಲೆ ಬಂಗಡೆ ಮೀನು ಹೇಳಿ ಮಕ್ಕ ಎಲ್ಲ ನಗ್ಯಾಡ್ತಿದ್ವಡ. ನಿಮ್ಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.

"ಅಂವ ನಿಮ್ಮ ಕೇಸಲ್ಲ," ಎಂದಳು. ಅದು ವಾದವಲ್ಲ.

೧೯ ಮೇ

ಎರಡು ದಿನದಿಂದ ಗುಡುಗು, ನಿನ್ನೆ ಸಂಜೆ ಒಂದು ದೊಡ್ಡ ಮಳೆ. ಕಂಬಗಳ ಸ್ಥಿತಿ ಪರಿಶೀಲಿಸಲು ಕೋಡಿಬೈಲಿಗೆ ಹೋದೆ. ಕಂಬಗಳು ಇದ್ದಂತೆಯೇ ಇದ್ದವು. ಹಳ್ಳ ಇದ್ದಂತೆ ಇರಲಿಲ್ಲ.

ಬೆಳ್ಳಿ ಬುಟ್ಟಿಯೊಡನೆ ದಡದಲ್ಲಿ ನಿಂತಿದ್ದಳು. ಜಟ್ಟನ ದೋಣಿ ದುರಸ್ತಿಗೆ ದಡ ಏರಿತ್ತು. ಅವನು ನೀರಿಗಿಳಿದು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸುತ್ತಿದ್ದ. ನಾನು ಸುಮ್ಮನೆ ನಿಂತಿರುವುದನ್ನು ನೋಡಿ ಬೆಳ್ಳಿ ಕೇಳಿದಳು: "ಎಂತ ವಕೀಲ್ರೇ, ಬುಟ್ಟಿ ಮುಟ್ಟೂಕಾಗ ಅಂತನೂ ಆರ್ಡರು ಉಂಟಾ?"

ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬುಟ್ಟಿ ತೆಗೆದುಕೊಂಡೆ. ಹಿಂದಿನಿಂದ ಬೆಳ್ಳಿ, "ಅಯ್ಯಯ್ಯ, ನಾ ಕುಶಾಲಿಗೆ ಅಂದದ್ದು, ಕೊಡಿ ಇಲ್ಲಿ!" ಎಂದು ಕೂಗುತ್ತಲೇ ಇದ್ದಳು. ನಡುಹಳ್ಳದಲ್ಲಿ ನೀರು ಎದೆಗೆ ಬಂತು. ಕಾಲಡಿಯ ಮರಳು ಸರಿಯಿತು. ಜಟ್ಟ ರಟ್ಟೆ ಹಿಡಿಯದಿದ್ದರೆ ಬುಟ್ಟಿಯೂ ನಾನೂ ಹೋಗುತ್ತಿದ್ದೆವು. ಆ ಹಳ್ಳದ ಸೆಳೆತದ ಬಗ್ಗೆ ಅರ್ಜಿಯಲ್ಲಿ ಒಂದು ಇಡೀ ಪರಿಚ್ಛೇದ ಬರೆದಿದ್ದೇನೆ. ಅದರಲ್ಲಿ ನೀರು ತಣ್ಣಗಿದೆ ಎಂದಿಲ್ಲ.

ಆಚೆ ದಡದಲ್ಲಿ ಕೂತು ಉಸಿರು ಸುಧಾರಿಸಿಕೊಂಡೆ. ಅಡಕೆ ಮರಗಳನ್ನು ಆಗಲೇ ಕಡಿದು ಒಟ್ಟಿದ್ದರು.

"ಇವು ಯಾಕೆ?" ಎಂದೆ.

"ಎಂತಕ್ಕೂ ಇರ್ಲಿ ಅಂತ," ಎಂದು ಜಟ್ಟ ಬೇರೆ ಕಡೆ ನೋಡಿದ.

ಅಂಗಿಗೆ ಮೀನಿನ ವಾಸನೆ ಹತ್ತಿತ್ತು. ಮನೆಯಲ್ಲಿ ಪರಮೇಶ್ವರಿ ಅದನ್ನು ಒಗೆದು ಹಾಕಿದಳು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊಟ ಮಾಡಿದೆವು.

೨೭ ಮೇ

ಕುಮಟೆಗೆ ಹೋಗಿದ್ದೆ. ಸಂಕ ಕಟ್ಟಲು ಅನುಮತಿ ನೀಡುವಷ್ಟರಮಟ್ಟಿಗೆ ಆಜ್ಞೆಯನ್ನು ಸಡಿಲಿಸಬೇಕೆಂದು ನಾನೇ ಕೇಳಿಕೊಂಡೆ. ಕಡತ ಬೆಂಗಳೂರಿಗೆ ಹೋಗಿದೆಯಂತೆ. ಕಡತವಿಲ್ಲದೆ ಆಜ್ಞೆ ತಿದ್ದಲಾಗದು. ತಿದ್ದುವವರೆಗೆ ಆಜ್ಞೆ ಜಾರಿಯಲ್ಲಿರುವುದು. "ತಾವೇ ಕೇಳಿ ಪಡೆದದ್ದಲ್ಲವೇ ವಕೀಲರೇ?" ಎಂದು ಸಿರಸ್ತೇದಾರ ವಿನಯದಿಂದ ನೆನಪಿಸಿದ. ಕಂಬಗಳನ್ನು ಕಾಯಲು ಸರ್ಕಾರಕ್ಕೆ ಶಕ್ತಿಯಿದೆ, ಮನುಷ್ಯರನ್ನು ಕಾಯಲು ಕಡತ ಬೇಕು!

ಹೊರಗೆ ಕೃಷ್ಣಾನಂದ ಸಿಕ್ಕ. ಖಾನಾವಳಿಗೆ ಕರೆದೊಯ್ದು ಚಹಾ ಹೇಳಿದ.

"ಅರ್ಜಿ ಹಿಂದಕ್ಕೆ ತಗೋ ಮಾದೇವಾ. ಸ್ಮಾರಕದ ಬಾಬಿನಲ್ಲಿ ಬೇರೆ ಹಣ ಇದೆ. ಅದೇ ಕಂಬಗಳ ಮೇಲೆ ಕಮಲಾಕರನ ಹೆಸರಿನಲ್ಲಿ ಸೇತುವೆ ಕಟ್ಟಿಸ್ತೇನೆ."

"ಮಳೆಗೆ ಮೊದಲು?"

"ಈಗ ಎಲ್ಲಿಂದ? ಮುಂದಿನ ವರ್ಷ."

"ಮೊದಲನೆಯ ಹಣ ಎಲ್ಲಿ ಹೋಯಿತೆಂದು ಆಮೇಲೆ ಯಾರೂ ಕೇಳುವುದಿಲ್ಲ. ಅಲ್ಲವೆ?"

ಅವನು ಬಟ್ಟಲನ್ನು ತಟ್ಟೆಯಲ್ಲಿಟ್ಟ. "ಕೇಳೋದಿಲ್ಲ. ನಾನು ಅಷ್ಟು ಒಳ್ಳೆಯವನಲ್ಲ, ನಿನಗೆ ಮೊದಲಿಂದ ಗೊತ್ತು. ಆದ್ರೆ ಒಂದು ಮಾತು. ನಾನು ಸೇತುವೆ ಕಟ್ಟಲಿಲ್ಲ. ಆದ್ರೆ ಸಂಕ ಕಟ್ಟಬೇಡಿ ಅಂತ ನಾನು ಯಾರಿಗೂ ಹೇಳಿರಲಿಲ್ಲ."

ಹೇಳುವ ಅಗತ್ಯವೇ ಅವನಿಗೆ ಇರಲಿಲ್ಲ, ಜನರ ಮರ್ಯಾದೆಯೇ ಅವನ ಕೆಲಸ ಮಾಡಿತು ಎಂದು ನಾನು ಉತ್ತರಿಸಬಹುದಾಗಿತ್ತು. ಆ ಉತ್ತರ ಹೊಳೆದದ್ದು ಬಸ್ಸಿನಲ್ಲಿ. ಹೊಳೆದ ಮೇಲೂ ಸಮಾಧಾನವಾಗಲಿಲ್ಲ.

ಪರಮೇಶ್ವರಿಗೆ ಎಲ್ಲವನ್ನೂ ಹೇಳಿದೆ. ಅವನ ಹೆಸರಿನ ಸೇತುವೆ ಆಗಬಹುದು ಎಂಬುದನ್ನೂ ಹೇಳಿದೆ. ಅವಳು, "ಹೆಸರು ನಂಗಕ್ಕೆ ಇಬ್ರಿಗೂ ನೆನಪಿದ್ದು. ಮಕ್ಕ ದಾಟದು ಹೆಂಗೆ?" ಎಂದಳು.

೧ ಜೂನ್

ಮುಂದಿನ ವಾರ ಶಾಲೆ ತೆರೆಯುತ್ತದೆ. ಆಕಾಶ ಕಡಲಿನ ಕಡೆಯಿಂದ ಕಪ್ಪಾಗಿದೆ.

ಬೆಳಿಗ್ಗೆಯಿಂದ ಕುಳಿತು ಮೂರು ಪತ್ರಗಳನ್ನು ಬರೆದಿದ್ದೇನೆ: ಕಲೆಕ್ಟರರಿಗೊಂದು, ಪ್ರಾಂತ ಸಾಹೇಬರಿಗೊಂದು, ಕೃಷ್ಣಾನಂದನಿಗೊಂದು. ಮೂರರಲ್ಲೂ ವಿಷಯ ಒಂದೇ. ಪರಮೇಶ್ವರಿಗೆ ಇನ್ನೂ ತಿಳಿಸಿಲ್ಲ. ಅವಳು ಯಾಕೋ ದೊಡ್ಡ ಪಾತ್ರೆಯ ತುಂಬ ಅವಲಕ್ಕಿ ಕಲಸುತ್ತಿದ್ದಾಳೆ. ಇಬ್ಬರಿಗೆ ಇಷ್ಟೇಕೆ ಎಂದು ಕೇಳಿದರೆ, "ಇರ್ಲಿ, ನೀರಿನ ಬದಿ ಹಸಿವು ಜಾಸ್ತಿ," ಎನ್ನುತ್ತಾಳೆ. ಜಟ್ಟನಿಗೆ ಹೇಳಿಕಳಿಸಬೇಕೆಂದಿದ್ದೆ, ಅವನೇ ಪೇಟೆಗೆ ಬಂದವನು ಗೇಟಿನಲ್ಲಿ ನಿಂತು, "ನಾಳೆ ಬೆಳಗಾಗೂಕೆ ಇಳಿತ ಒಡೆಯಾ, ನೀರು ಕಮ್ಮಿ ಇರ್ತದೆ," ಎಂದು ಕೇಳದೆಯೇ ಹೇಳಿ ಹೋದ.

ಪತ್ರದ ಒಕ್ಕಣೆಯನ್ನು ಇಲ್ಲಿಯೂ ದಾಖಲಿಸುತ್ತೇನೆ.

"ನಾಳೆ ಬೆಳಿಗ್ಗೆ ಕೋಡಿಬೈಲಿನ ಹಳ್ಳಕ್ಕೆ ಸಂಕ ಕಟ್ಟಲಾಗುವುದು. ಅದನ್ನು ತಮ್ಮ ಕಂಬಗಳಿಗೇ ಬಿಗಿದು ಕಟ್ಟಲಾಗುವುದು; ಜನರ ಹಣದಿಂದ ಎದ್ದ ಆ ಕಂಬಗಳು ಜನರಿಗೆ ಉಪಯೋಗವಾಗುವುದು ಅದೇ ಮೊದಲು. ಮರ ಹೊತ್ತವರು, ಹಗ್ಗ ಎಳೆದವರು ಯಾರೇ ಇರಲಿ, ಯಥಾಸ್ಥಿತಿಯ ಆಜ್ಞೆಯನ್ನು ಮುರಿದವನು ನಾನು. ಶಿಕ್ಷೆ ನನಗೆ ಆಗತಕ್ಕದ್ದು, ವಕೀಲಿಯ ಸನದು ಹೋಗುವುದಾದರೆ ಹೋಗಲಿ. ಅರ್ಜಿಯನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಸಾಕ್ಷ್ಯ ಕೆಟ್ಟಿತೆಂದು ಯಾರಾದರೂ ಹೇಳಿದರೆ, ತನಿಖೆಯ ಸಾಹೇಬರು ದಯಮಾಡಿ ಬರಲಿ. ಊರವರ ಸಂಕದ ಮೇಲೆ ನಿಂತು ಸರ್ಕಾರದ ಸೇತುವೆ ಎಲ್ಲಿದೆ ಎಂದು ಹುಡುಕಲಿ. ಬಿದ್ದರೆ ಎತ್ತಲು ನಾವು ಇರುತ್ತೇವೆ.

ಈ ವಿಷಯದಲ್ಲಿ ನಾನು ಯಾರ ಸಲಹೆಯನ್ನೂ ಕೇಳಿಲ್ಲ, ಯಾರ ಒತ್ತಾಯಕ್ಕೂ ಮಣಿದಿಲ್ಲ. ಇದು ನಾನೊಬ್ಬನೇ ಕೈಗೊಂಡ ನಿರ್ಧಾರ."